ಮೂರು ಫೈನಲ್ ಸೋತು, ಮೂವತ್ತಮೂರಕ್ಕೆ ಗೆದ್ದ ಹಿರೊಯುಕಿ ಎಂಡೊ

2020ರ ಮಾರ್ಚ್ 15. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಟೂರ್ನಿಯ ಪುರುಷರ ಡಬಲ್ಸ್ ಫೈನಲ್. ಒಂದು ಕಡೆ ಆಗಿನ ನಂಬರ್ ಒನ್ ಜೋಡಿ, ಇಂಡೊನೇಷ್ಯಾದ ಮಾರ್ಕಸ್ ಗಿಡಿಯನ್ ಮತ್ತು ಕೆವಿನ್ ಸುಕಮುಲ್ಜೊ. ಇನ್ನೊಂದು ಕಡೆ ಜಪಾನಿನ ಹಿರೊಯುಕಿ ಎಂಡೊ ಮತ್ತು ಯುತಾ ವತನಬೆ. ಎಂಡೊಗೆ 33 ವರ್ಷ, ವತನಬೆಗೆ 22. ಮೊದಲ ಗೇಮ್ 21-18ಕ್ಕೆ ಜಪಾನಿಗೆ ಬಂತು. ಎರಡನೇದನ್ನು ಇಂಡೊನೇಷ್ಯಾದವರು 21-12ಕ್ಕೆ ಸಲೀಸಾಗಿ ಎತ್ತಿಕೊಂಡರು. ಮೂರನೇದು ಕೊನೆವರೆಗೂ ಜಗ್ಗಾಟ, 21-19ಕ್ಕೆ ಜಪಾನ್ ಗೆದ್ದಿತು. ಅಲ್ಲಿವರೆಗೆ ಜಪಾನಿನ ಯಾವ ಪುರುಷರ ಜೋಡಿಯೂ ಆ ಕಪ್ ಗೆದ್ದಿರಲಿಲ್ಲ.

ಎಂಡೊಗೆ ಅದು ಅದೇ ಟೂರ್ನಿಯಲ್ಲಿ ನಾಲ್ಕನೇ ಫೈನಲ್. ಮೊದಲಿನ ಮೂರನ್ನೂ ಸೋತಿದ್ದರು. ಆ ಮೂರರಲ್ಲೂ ಜೊತೆಗಿದ್ದ ಪಾರ್ಟ್ನರ್ ವತನಬೆ ಅಲ್ಲ, ಬೇರೊಬ್ಬರು.

ಕಾಲು ನಿಧಾನವಾಗುವ ವಯಸ್ಸಿನಲ್ಲಿ ಒಬ್ಬ ಆಟಗಾರ ಮೊದಲಿಗಿಂತ ಮೇಲೆ ಹೋಗುವುದು ಹೇಗೆ? ಸಿಂಗಲ್ಸ್ ಮಾತ್ರ ನೋಡಿದವರಿಗೆ ಇದು ಅರ್ಥ ಆಗುವುದು ಕಷ್ಟ. ನಮಗೆ ಆಲ್ ಇಂಗ್ಲೆಂಡ್ ಅಂದ ತಕ್ಷಣ ನೆನಪಾಗುವುದು 1980ರಲ್ಲಿ ಗೆದ್ದ ಪ್ರಕಾಶ್ ಪಡುಕೋಣೆ, ಅದೂ ಸಿಂಗಲ್ಸೇ. ಟಿವಿ ಮುಂದೆ ಕೂತು ನೋಡುವುದು ಸಿಂಗಲ್ಸ್, ಆದರೆ ಬೆಳಗ್ಗೆ ಆರಕ್ಕೆ ರ‍್ಯಾಕೆಟ್ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೋಗಿ ನಾವು ಆಡುವುದು ಡಬಲ್ಸ್. ಆಡುವ ಆಟವನ್ನೇ ಸರಿಯಾಗಿ ನೋಡುವುದಿಲ್ಲ, ಅಲ್ವಾ? ಎಂಡೊ ಕತೆ ಹೇಳುವ ನೆಪದಲ್ಲಿ ಡಬಲ್ಸ್ ಹೇಗೆ ನಡೆಯುತ್ತದೆ ಅನ್ನುವುದನ್ನೂ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎರಡನ್ನೂ ಬೇರೆ ಮಾಡಲು ಬರುವುದಿಲ್ಲ.

ಮೊದಲು ಜಾಗದ ಲೆಕ್ಕ. ಕೋರ್ಟಿನ ಉದ್ದ 13.4 ಮೀಟರ್. ಸಿಂಗಲ್ಸ್‌ಗೆ ಅಗಲ 5.18 ಮೀಟರ್, ಡಬಲ್ಸ್‌ಗೆ 6.1. ಅಂದರೆ ಅಗಲ ಒಂದು ಮೀಟರ್ ಕೂಡ ಜಾಸ್ತಿಯಾಗಲಿಲ್ಲ, ಆದರೆ ನೆಟ್ಟಿನ ಒಂದೊಂದು ಕಡೆ ಇಬ್ಬಿಬ್ಬರು ಬಂದು ನಿಂತರು. ಹಾಗಾಗಿ ಖಾಲಿ ಜಾಗ ಅನ್ನುವುದೇ ಸಿಗುವುದಿಲ್ಲ. ಸಿಂಗಲ್ಸ್‌ನಲ್ಲಿ ಎದುರಾಳಿಯನ್ನು ಓಡಾಡಿಸಿ ಜಾಗ ಖಾಲಿ ಮಾಡಿಸುತ್ತಾರೆ. ಡಬಲ್ಸ್‌ನಲ್ಲಿ ಎದುರಾಳಿಗೆ ಯೋಚನೆ ಮಾಡಲು ಟೈಮೇ ಕೊಡುವುದಿಲ್ಲ.

ಇದು ಶುರುವಾಗುವುದೇ ಸರ್ವಿಸ್‌ನಿಂದ. ಅದನ್ನು ಹತ್ತಿರದಿಂದ ನೋಡಿ. ಆಟಗಾರ ಎಡಗೈಯ ಎರಡು ಬೆರಳಲ್ಲಿ ಕಾಕಿನ, ಅಂದರೆ ಶಟಲ್ ಕಾಕಿನ, ಒಂದು ಪುಕ್ಕದ ತುದಿ ಹಿಡಿದು, ಅದನ್ನು ಹೊಟ್ಟೆಯ ಮಟ್ಟದಲ್ಲಿ ಓರೆಯಾಗಿ ತೂಗಿಸಿಕೊಂಡಿರುತ್ತಾನೆ. ಬಲಗೈಯ ಹೆಬ್ಬೆರಳು ರ‍್ಯಾಕೆಟ್ ಹಿಡಿಯ ಚಪ್ಪಟೆ ಭಾಗಕ್ಕೆ ಒತ್ತಿ ನಿಂತಿರುತ್ತದೆ. ಹೊಡೆತ ಅಲ್ಲ ಅದು, ಒಂದು ಸಣ್ಣ ತಳ್ಳು. 2018ರಿಂದ ಬಂದ ನಿಯಮದ ಪ್ರಕಾರ ತಳ್ಳುವಾಗ ಇಡೀ ಕಾಕು ನೆಲದಿಂದ 1.15 ಮೀಟರ್‌ಗಿಂತ ಕೆಳಗಿರಬೇಕು. ನೆಟ್ಟು ನಡುವೆ 1.524 ಮೀಟರ್ ಎತ್ತರ ಇರುತ್ತದೆ. ಅಂದರೆ ಕಾಕು ಕೆಳಗಿಂದ ಮೇಲೆ ಹೋಗಿ, ನೆಟ್ಟಿನ ಪಟ್ಟಿಗೆ ಹೆಚ್ಚುಕಡಿಮೆ ತಾಗಿಕೊಂಡೇ ದಾಟಿ, ಕೂಡಲೇ ಇಳಿಯಬೇಕು. ಎರಡು ಬೆರಳಗಲ ಮೇಲೆ ಹೋದರೆ ಸಾಕು, ಎದುರಿಗೆ ನಿಂತವನು ಒಂದು ಹೆಜ್ಜೆ ಮುಂದೆ ಹಾರಿ ಎದೆಗೇ ಬಾರಿಸುತ್ತಾನೆ.

ಸರ್ವಿಸ್ ಆದ ಮೇಲೆ ನಡೆಯುವ ಜಗಳ ಒಂದೇ ವಿಷಯಕ್ಕೆ: ಯಾರು ಕಾಕನ್ನು ಮೇಲಕ್ಕೆ ಎತ್ತಬೇಕು? ಎತ್ತಿದವರು ಬಚಾವು ಮಾಡಿಕೊಳ್ಳಬೇಕು, ಎತ್ತಿಸಿದವರು ಬಾರಿಸಬಹುದು. ಬಾರಿಸುವ ಜೋಡಿ ಹಿಂದೆ ಒಬ್ಬ, ಮುಂದೆ ಒಬ್ಬ ನಿಲ್ಲುತ್ತದೆ. ಹಿಂದಿನವನು ಸ್ಮ್ಯಾಶ್, ಅಂದರೆ ಮೇಲಿಂದ ಕೆಳಕ್ಕೆ ಜೋರಾದ ಹೊಡೆತ, ಹೊಡೆಯುತ್ತಾನೆ, ಮುಂದಿನವನು ಅರೆಬರೆ ವಾಪಸ್ ಬಂದದ್ದನ್ನು ನೆಟ್ಟಿನ ಹತ್ತಿರವೇ ಕೊಲ್ಲುತ್ತಾನೆ. ಬಚಾವು ಮಾಡುವ ಜೋಡಿ ಪಕ್ಕಪಕ್ಕ ನಿಲ್ಲುತ್ತದೆ, ಅರ್ಧರ್ಧ ಕೋರ್ಟ್ ಹಂಚಿಕೊಂಡು. ಒಂದೇ ರ‍್ಯಾಲಿಯಲ್ಲಿ (ಕಾಕು ನೆಲಕ್ಕೆ ಬೀಳುವವರೆಗಿನ ಹೊಡೆದಾಟ) ಇದು ನಾಲ್ಕೈದು ಸಲ ಅದಲು ಬದಲಾಗುತ್ತದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಪಾರ್ಟ್ನರ್ ಹೊಡೆದ ಸದ್ದು ಕೇಳಿಯೇ ನಾನು ಮುಂದೆ ಹೋಗಬೇಕಾ, ಪಕ್ಕಕ್ಕೆ ಸರಿಯಬೇಕಾ ಅಂತ ಗೊತ್ತಾಗಬೇಕು. ಹೊಸ ಜೋಡಿಗಳು ಸೋಲುವುದು ಹೆಚ್ಚಾಗಿ ಇಲ್ಲೇ. ಹೊಡೆತ ಚೆನ್ನಾಗಿರುತ್ತದೆ, ಆದರೆ ಇಬ್ಬರೂ ಒಂದೇ ಕಡೆ ನಿಂತುಬಿಟ್ಟಿರುತ್ತಾರೆ.

ಈಗ ಎಂಡೊ ಕಡೆ ಬರೋಣ. ಹುಟ್ಟಿದ್ದು 1986ರ ಡಿಸೆಂಬರ್‌ನಲ್ಲಿ, ಟೋಕಿಯೊ ಪಕ್ಕದ ಸೈತಾಮಾ ಸೀಮೆ. ಆಡಿದ್ದು ನಿಹೋನ್ ಯುನಿಸಿಸ್ ಅನ್ನುವ ಐಟಿ ಕಂಪನಿಗೆ. ಕಂಪನಿಗೆ ಆಡುವುದು ಅಂದರೇನು ಅಂತ ಅನ್ನಿಸಬಹುದು. ಜಪಾನಿನಲ್ಲಿ ಬ್ಯಾಡ್ಮಿಂಟನ್ ಬೆಳೆದಿರುವುದು ಕಂಪನಿ ಟೀಮುಗಳ ಮೇಲೆ. ಆಟಗಾರರು ಕಂಪನಿಯ ಟೀಮು ಸೇರುತ್ತಾರೆ, ಟೀಮುಗಳ ನಡುವೆಯೇ ರಾಷ್ಟ್ರೀಯ ಲೀಗ್ ನಡೆಯುತ್ತದೆ. ಟೊನಾಮಿ ಅನ್ನುವ ಸಾಗಣೆ ಕಂಪನಿಗೆ ಒಂದು ಟೀಮು, ದೂರವಾಣಿ ಕಂಪನಿ ಎನ್‌ಟಿಟಿ ಈಸ್ಟ್‌ಗೆ ಇನ್ನೊಂದು. ನಮ್ಮಲ್ಲಿ ರೈಲ್ವೇಸ್, ಪೆಟ್ರೋಲಿಯಂ ಕಂಪನಿಗಳು ಆಟಗಾರರಿಗೆ ಕೆಲಸ ಕೊಡುತ್ತವಲ್ಲ, ಹೆಚ್ಚುಕಡಿಮೆ ಹಾಗೆ, ಆದರೆ ಅಲ್ಲಿ ಟೀಮೇ ಮನೆ ಇದ್ದಂತೆ. ಪಾರ್ಟ್ನರ್‌ಗಳೂ ಹೆಚ್ಚಾಗಿ ಅದೇ ಕಂಪನಿಯವರೇ ಆಗಿರುತ್ತಾರೆ. ಹಾಗಾಗಿ ಒಂದು ಜೋಡಿ ವರ್ಷಗಟ್ಟಲೆ ಒಟ್ಟಿಗೇ ಇರುತ್ತದೆ.

ಎಂಡೊಗೆ ಹಾಗೆ ಸಿಕ್ಕವರು ಕೆನಿಚಿ ಹಯಕಾವಾ. ಓರಗೆಯವರು, ಒಂದೇ ವರ್ಷ ಹುಟ್ಟಿದವರು. ಇವರಿಬ್ಬರು ಆಲ್ ಇಂಗ್ಲೆಂಡ್ ಫೈನಲ್‌ಗೆ ಮೊದಲು ಬಂದದ್ದು 2013ರಲ್ಲಿ, ಆಗ ಚೀನಾದ ಲಿಯು ಶಿಯಾವ್‌ಲಾಂಗ್ ಮತ್ತು ಚಿಯು ಜಿಹಾನ್ ಎದುರು ನೇರ ಗೇಮ್‌ಗಳಲ್ಲಿ ಸೋತರು, ಅದು ಏಕಪಕ್ಷೀಯ ಆಟ. ಮರುವರ್ಷ ಮತ್ತೆ ಬಂದರು. ಈ ಸಲ ಇಂಡೊನೇಷ್ಯಾದ ಮೊಹಮ್ಮದ್ ಅಹ್ಸಾನ್ ಮತ್ತು ಹೆಂದ್ರಾ ಸೆತಿಯವಾನ್. ಸ್ಕೋರು 19-21, 19-21. ಎರಡೂ ಗೇಮ್ ಎರಡೇ ಪಾಯಿಂಟಲ್ಲಿ ಕೈತಪ್ಪಿತು. 2016ರಲ್ಲಿ ಮೂರನೇ ಸಲ. ರಷ್ಯಾದ ಇವಾನೋವ್ ಮತ್ತು ಸೊಜೊನೊವ್ ಎದುರು ಮೊದಲ ಗೇಮ್ ಗೆದ್ದು ಉಳಿದೆರಡನ್ನು ಬಿಟ್ಟುಕೊಟ್ಟರು. ನನಗೆ ಮೂರರಲ್ಲಿ ಜಾಸ್ತಿ ಹೊಟ್ಟೆ ಉರಿಸುವುದು ಈ ಸೋಲೇ. ಹಿಂದಿನ ಎರಡರಲ್ಲಿ ಎದುರಾಳಿಗಳು ಆಗಿನ ದೊಡ್ಡ ಹೆಸರುಗಳು. ಇಲ್ಲಿ ಮಾತ್ರ ಕಪ್ ಕೈಗೆ ಬಂದೇಬಿಟ್ಟಿತು ಅನ್ನುವಷ್ಟು ಹತ್ತಿರ ಇತ್ತು.

ಹಾಗಂತ ಆ ವರ್ಷಗಳು ಬರೀ ಸೋಲಿನವು ಅಂದುಕೊಳ್ಳಬೇಡಿ. 2014ರ ಮೇ ತಿಂಗಳಲ್ಲಿ ನಮ್ಮ ದೆಹಲಿಯಲ್ಲೇ, ಸಿರಿ ಫೋರ್ಟ್ ಒಳಾಂಗಣದಲ್ಲಿ, ಥಾಮಸ್ ಕಪ್ ನಡೆಯಿತು. ಪುರುಷರ ಟೀಮುಗಳ ವಿಶ್ವಕಪ್ ಅದು. ಚೀನಾ ಅದಕ್ಕೂ ಹಿಂದೆ ಸತತ ಐದು ಸಲ ಗೆದ್ದಿತ್ತು. ಸೆಮಿಫೈನಲ್‌ನಲ್ಲಿ ಅಂಥ ಚೀನಾವನ್ನು ಜಪಾನ್ 3-0ಗೆ ಮನೆಗೆ ಕಳಿಸಿತು. ಫೈನಲ್ ಮಲೇಷ್ಯಾ ಮೇಲೆ. ಮೊದಲ ಸಿಂಗಲ್ಸ್‌ನಲ್ಲಿ ಲೀ ಚಾಂಗ್ ವೀ ಗೆದ್ದರು, ಅದು ನಿರೀಕ್ಷೆ ಇದ್ದದ್ದೇ. ಆಮೇಲೆ ಕೋರ್ಟಿಗೆ ಇಳಿದವರು ಎಂಡೊ ಮತ್ತು ಹಯಕಾವಾ. ಎದುರಿಗೆ ಸ್ಮ್ಯಾಶ್‌ಗೆ ಹೆಸರಾದ ತಾನ್ ಬೂನ್ ಹಿಯಾಂಗ್ ಮತ್ತು ಹೂನ್ ತಿಯನ್ ಹೌ. ಮೊದಲ ಗೇಮ್ ಹೋಯಿತು. ಅಲ್ಲಿ ಸೋತಿದ್ದರೆ 0-2 ಆಗಿ ಜಪಾನ್ ಕತೆ ಬಹುತೇಕ ಮುಗಿಯುತ್ತಿತ್ತು. ಅವರು ಮುಂದಿನ ಎರಡೂ ಗೇಮ್ ತೆಗೆದರು. ಮುಂದೆ ಕೆಂಟೊ ಮೊಮೊಟಾ ಗೆದ್ದರು, ಎರಡನೇ ಡಬಲ್ಸ್ ಜೋಡಿ ಸೋತಿತು, ಕೊನೇ ಪಂದ್ಯವನ್ನು ತಕುಮಾ ಉಎದಾ ಗೆದ್ದು 3-2 ಮಾಡಿದರು. ಜಪಾನಿಗೆ ಅದು ಮೊಟ್ಟಮೊದಲ ಥಾಮಸ್ ಕಪ್.

ಇದರ ಹಿಂದೆ ಒಬ್ಬ ಕೋಚ್ ಇದ್ದಾರೆ, ಅವರ ಹೆಸರು ಹೇಳಲೇಬೇಕು. ಕೊರಿಯಾದ ಪಾರ್ಕ್ ಜೂ ಬಾಂಗ್. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಪುರುಷರ ಡಬಲ್ಸ್ ಚಿನ್ನ ಗೆದ್ದವರು. 2004ರ ಅಥೆನ್ಸ್ ಒಲಿಂಪಿಕ್ಸ್ ಆದ ಮೇಲೆ ಜಪಾನ್ ಟೀಮಿನ ಹೊಣೆ ತೆಗೆದುಕೊಂಡರು. ಬೇರೆ ಬೇರೆ ಕಂಪನಿಗಳಲ್ಲಿ ಹಂಚಿಹೋಗಿದ್ದ ಆಟಗಾರರನ್ನು ರಾಷ್ಟ್ರೀಯ ಶಿಬಿರದಲ್ಲಿ ಒಟ್ಟು ಹಾಕಿ ಕಷ್ಟಪಡಿಸಿದರು. ಡಬಲ್ಸ್ ಗೊತ್ತಿದ್ದ ಮನುಷ್ಯ ಬಂದಿದ್ದು ಜಪಾನಿಗೆ ಎಷ್ಟು ಲಾಭ ಆಯಿತು ಅನ್ನುವುದು 2016ರ ರಿಯೊದಲ್ಲಿ ಕಾಣಿಸಿತು. ಮಹಿಳೆಯರ ಡಬಲ್ಸ್‌ನಲ್ಲಿ ಮಿಸಾಕಿ ಮತ್ಸುತೊಮೊ ಮತ್ತು ಅಯಕಾ ತಕಹಾಶಿ ಚಿನ್ನ ಗೆದ್ದರು. ಬ್ಯಾಡ್ಮಿಂಟನ್‌ನಲ್ಲಿ ಜಪಾನಿಗೆ ಅದೇ ಮೊದಲ ಚಿನ್ನ. ಅವರಿಬ್ಬರೂ ಎಂಡೊ ಕಂಪನಿಯವರೇ.

ಎಂಡೊ ಮತ್ತು ಹಯಕಾವಾ ಅದೇ ರಿಯೊದಲ್ಲಿ ಕ್ವಾರ್ಟರ್‌ಫೈನಲ್‌ನಲ್ಲಿ ಬ್ರಿಟನ್ನಿನ ಜೋಡಿಗೆ ಸೋತರು. ಜೋಡಿ ಅಲ್ಲಿಗೆ ಮುಗಿಯಿತು.

ಮೂವತ್ತು ತುಂಬುವ ಹೊತ್ತಿಗೆ ಪಾರ್ಟ್ನರ್ ಇಲ್ಲದ ಡಬಲ್ಸ್ ಆಟಗಾರನ ಪಾಡು ಯೋಚಿಸಿ. ಸಿಂಗಲ್ಸ್‌ನವರ ರ‍್ಯಾಂಕಿಂಗ್ ಅವರ ಜೊತೆಗೇ ಇರುತ್ತದೆ. ಡಬಲ್ಸ್‌ನಲ್ಲಿ ರ‍್ಯಾಂಕಿಂಗ್ ಜೋಡಿಯದ್ದು. ಪಾರ್ಟ್ನರ್ ಬದಲಾದರೆ ಸಣ್ಣ ಟೂರ್ನಿಗಳಿಂದ ಮತ್ತೆ ಹತ್ತಿಕೊಂಡು ಬರಬೇಕು. ಎಂಡೊ ಹಾಗೇ ಮಾಡಿದರು, ಅದೂ ತಮಗಿಂತ ಹತ್ತು ವರ್ಷಕ್ಕೂ ಚಿಕ್ಕ ಹುಡುಗನ ಜೊತೆ.

ಆ ಹುಡುಗ ಯುತಾ ವತನಬೆ. 1997ರಲ್ಲಿ ಟೋಕಿಯೊದಲ್ಲಿ ಹುಟ್ಟಿ, ಬ್ಯಾಡ್ಮಿಂಟನ್‌ಗೋಸ್ಕರ ಚಿಕ್ಕ ವಯಸ್ಸಿಗೇ ಮನೆ ಬಿಟ್ಟು ಫುಕುಶಿಮಾ ಸೀಮೆಯ ತೊಮಿಯೊಕಾ ಊರಿನ ಶಾಲೆ ಸೇರಿದವರು. 2011ರ ಮಾರ್ಚ್ 11ರಂದು ಭೂಕಂಪ, ಸುನಾಮಿ, ಆಮೇಲೆ ಅಣುಸ್ಥಾವರದ ದುರಂತ. ತೊಮಿಯೊಕಾ ಆ ಸ್ಥಾವರದ ಹತ್ತಿರದ ಊರು. ಇಡೀ ಊರನ್ನೇ ಖಾಲಿ ಮಾಡಿಸಿದರು. ಬ್ಯಾಡ್ಮಿಂಟನ್ ಮಕ್ಕಳು ಇನವಾಶಿರೊ ಅನ್ನುವ ಇನ್ನೊಂದು ಊರಿಗೆ ಹೋಗಿ ಅಲ್ಲಿ ಅಭ್ಯಾಸ ಮುಂದುವರಿಸಿದರು. ವತನಬೆಗೆ ಆಗ 13 ವರ್ಷ. ಮೊಮೊಟಾ ಕೂಡ ಅದೇ ಶಾಲೆಯ ಹುಡುಗ. ಮಿಕ್ಸೆಡ್ ಡಬಲ್ಸ್‌ನಲ್ಲಿ (ಒಬ್ಬ ಪುರುಷ, ಒಬ್ಬ ಮಹಿಳೆ ಸೇರಿ ಆಡುವುದು) ವತನಬೆ ಜೊತೆ ಆಡಿದ ಅರಿಸಾ ಹಿಗಶಿನೊ ಕೂಡ ಅಲ್ಲಿಯವರೇ, ಒಂದು ಕ್ಲಾಸು ಮುಂದೆ. ಇವರಿಬ್ಬರು 2018ರಲ್ಲಿ ಆಲ್ ಇಂಗ್ಲೆಂಡ್ ಮಿಕ್ಸೆಡ್ ಗೆದ್ದಾಗ ವತನಬೆಗೆ ಇನ್ನೂ 20.

ವತನಬೆ ಎಡಗೈ ಆಟಗಾರ, ಎಂಡೊ ಬಲಗೈ. ಡಬಲ್ಸ್‌ನಲ್ಲಿ ಇದು ಸಣ್ಣ ವಿಷಯ ಅಲ್ಲ. ಇಬ್ಬರೂ ಬಲಗೈಯವರಾದರೆ ಕೋರ್ಟಿನ ಎಡ ಹಿಂಭಾಗದ ಮೂಲೆ ಇಬ್ಬರಿಗೂ ಬ್ಯಾಕ್‌ಹ್ಯಾಂಡ್ ಮೂಲೆಯೇ. ಆಡುವ ಕೈಯ ಆಚೆ ಬದಿ ಅದು, ಅಲ್ಲಿಂದ ಜೋರಾಗಿ ಬಾರಿಸುವುದು ಕಷ್ಟ, ಎದುರಾಳಿ ಬೇಕಂತಲೇ ಅಲ್ಲಿಗೇ ಕಾಕು ಕಳಿಸುತ್ತಾನೆ. ಒಬ್ಬ ಎಡಗೈ, ಒಬ್ಬ ಬಲಗೈ ಇದ್ದರೆ ಎರಡೂ ಮೂಲೆಯಿಂದ ಫೋರ್‌ಹ್ಯಾಂಡ್ ಸ್ಮ್ಯಾಶ್ ಬರುತ್ತದೆ. ಇನ್ನೊಂದು ಸೂಕ್ಷ್ಮ ಇದೆ. ಕಾಕಿನ 16 ಪುಕ್ಕಗಳು ಒಂದರ ಮೇಲೊಂದು ಒಂದೇ ದಿಕ್ಕಿಗೆ ಹೊದ್ದುಕೊಂಡಿರುತ್ತವೆ, ಹಾಗಾಗಿ ಹಾರುವಾಗ ಒಂದೇ ಕಡೆಗೆ ತಿರುಗುತ್ತದೆ. ಬಲಗೈಯವನು ಸವರಿ ಹೊಡೆದಾಗ ಒಂದು ಥರ ಹೋಗುತ್ತದೆ, ಎಡಗೈಯವನು ಸವರಿದಾಗ ಬೇರೆ ಥರ. ಒಂದೇ ರ‍್ಯಾಲಿಯಲ್ಲಿ ಎರಡೂ ಥರ ಬರುತ್ತಿದ್ದರೆ ಎದುರಿಗೆ ನಿಂತವನ ಕಣ್ಣು ಹೊಂದಿಕೊಳ್ಳುವುದೇ ಇಲ್ಲ.

ಆದರೆ ಈ ಜೋಡಿ ಹೆಸರು ಮಾಡಿದ್ದು ಬಾರಿಸುವುದರಲ್ಲಿ ಅಲ್ಲ, ಬಚಾವು ಮಾಡುವುದರಲ್ಲಿ. ಕಾಕು ಎತ್ತಬೇಡ ಅನ್ನುವುದು ಡಬಲ್ಸ್‌ನ ಮೊದಲ ಪಾಠ. ಇವರು ಬೇಕಂತಲೇ ಎತ್ತುತ್ತಿದ್ದರು.

ಯಾಕೆ ಅಂತ ಹೇಳುತ್ತೇನೆ. ನಮ್ಮ ಸಾತ್ವಿಕ್ ಸಾಯಿರಾಜ್ ರಂಕಿರೆಡ್ಡಿ 2023ರಲ್ಲಿ ಗಂಟೆಗೆ 565 ಕಿಲೋಮೀಟರ್ ವೇಗದ ಸ್ಮ್ಯಾಶ್ ಹೊಡೆದು ಗಿನ್ನಿಸ್ ದಾಖಲೆ ಮಾಡಿದ್ದು ನೆನಪಿರಬಹುದು. ಅದನ್ನು ಅಳೆದದ್ದು ಎಂಡೊ ಅವರ ಸೈತಾಮಾದಲ್ಲೇ, ಯೋನೆಕ್ಸ್ ಕಾರ್ಖಾನೆಯಲ್ಲಿ. ಆ ವೇಗ ರ‍್ಯಾಕೆಟ್‌ನಿಂದ ಬಿಟ್ಟ ಕ್ಷಣದ್ದು. ಕಾಕು ಐದೇ ಗ್ರಾಂ ತೂಕ, ಹಿಂದೆ ಪುಕ್ಕದ ಲಂಗ. ಗಾಳಿ ಅದನ್ನು ಹಿಡಿದು ಎಳೆಯುತ್ತದೆ, ನೆಟ್ಟು ದಾಟುವಷ್ಟರಲ್ಲಿ ವೇಗ ಬಹಳ ಇಳಿದುಹೋಗಿರುತ್ತದೆ. ಕೋರ್ಟಿನ ಹಿಂಬದಿ ಗೆರೆ ಹತ್ತಿರದಿಂದ ಬಂದ ಸ್ಮ್ಯಾಶ್ ಅಂತೂ ಇನ್ನೂ ಇಳಿದಿರುತ್ತದೆ. ಹಾಗಾಗಿ ಕಾಕನ್ನು ಹಿಂದಿನ ಗೆರೆವರೆಗೂ, ಎತ್ತರಕ್ಕೂ ಎತ್ತಿದರೆ ಹೊಡೆಯುವವನು ದೂರದಿಂದ ಹೊಡೆಯಬೇಕಾಗುತ್ತದೆ. ಅರ್ಧಕ್ಕೆ ಎತ್ತಿದರೆ ಮಾತ್ರ ಸಾವು.

ಆ ಕ್ಷಣದಲ್ಲಿ ಎಂಡೊ ಏನು ಮಾಡುತ್ತಿದ್ದರು ನೋಡಿ. ಮಂಡಿ ಬಗ್ಗಿಸಿ ಕುಳ್ಳಗೆ ನಿಂತು, ರ‍್ಯಾಕೆಟ್ಟನ್ನು ಹೊಟ್ಟೆಯ ಮುಂದೆ ಬ್ಯಾಕ್‌ಹ್ಯಾಂಡ್ ಹಿಡಿತದಲ್ಲಿ ಇಟ್ಟುಕೊಂಡು, ಮೈಗೆ ಬಂದದ್ದನ್ನು ಮೈ ಮುಂದೆಯೇ ಹಿಡಿಯುವುದು. ಅಲ್ಲಿಂದ ಮೂರು ದಾರಿ. ಮತ್ತೆ ಹಿಂದಕ್ಕೆ ಎತ್ತಬಹುದು. ಮೆಲ್ಲಗೆ ನೆಟ್ಟಿನ ಆಚೆ ಬೀಳಿಸಬಹುದು. ಇಲ್ಲವೇ ನೇರ ಚಪ್ಪಟೆಯಾಗಿ ತಿರುಗಿ ಹೊಡೆಯಬಹುದು. ಮೂರಕ್ಕೂ ಕೈ ಒಂದೇ ಥರ ಕಾಣುತ್ತದೆ, ಕೊನೇ ಕ್ಷಣದಲ್ಲಿ ಬೆರಳು ಬಿಗಿಯಾಗುತ್ತದೋ ಸಡಿಲವಾಗುತ್ತದೋ ಅಷ್ಟೇ ವ್ಯತ್ಯಾಸ. ಎರಡು ಮೂರು ಸಲ ಎತ್ತಿಕೊಟ್ಟು, ಎದುರಾಳಿ ಮತ್ತೆ ಮತ್ತೆ ಹಾರಿ ಹೊಡೆದು ಉಸಿರು ಬಿಡುವಾಗ, ನಾಲ್ಕನೇದನ್ನು ಎತ್ತದೆ ಚಪ್ಪಟೆಯಾಗಿ ತಿರುಗಿಸುವುದು. ಅಷ್ಟೊತ್ತಿಗೆ ವತನಬೆ ನೆಟ್ಟಿನ ಹತ್ತಿರ ಹೋಗಿ ಆಗಿರುತ್ತಿತ್ತು. ಬಾರಿಸುತ್ತಿದ್ದವರು ಒಂದೇ ಹೊಡೆತದಲ್ಲಿ ಬಚಾವು ಮಾಡುವವರಾಗಿಬಿಡುತ್ತಿದ್ದರು.

ವಯಸ್ಸಿನ ಪ್ರಶ್ನೆಗೆ ಉತ್ತರ ನನ್ನ ಪ್ರಕಾರ ಇಲ್ಲೇ ಇದೆ. ಇಂಥ ಆಟಕ್ಕೆ ಬೇಕಾದದ್ದು ಕಾಲಿನ ವೇಗ ಒಂದೇ ಅಲ್ಲ. ಎದುರಾಳಿಯ ಭುಜ ನೋಡಿ ಕಾಕು ಎಲ್ಲಿಗೆ ಬರುತ್ತದೆ ಅಂತ ಗೊತ್ತಾಗಬೇಕು, ಗಾಬರಿಯಾಗದೆ ನಿಲ್ಲಬೇಕು. ಅದು ಇಪ್ಪತ್ತಕ್ಕಿಂತ ಮೂವತ್ತರಲ್ಲಿ ಚೆನ್ನಾಗಿರುತ್ತದೆ. ಮಿಕ್ಕ ಓಡಾಟಕ್ಕೆ ಪಕ್ಕದಲ್ಲಿ ವತನಬೆಯ ಕಾಲುಗಳಿದ್ದವು. ಇಬ್ಬರೂ ಎತ್ತರದವರಲ್ಲ. ಆ ಕಾಲದ ಚೀನಾದ ಜೋಡಿ ಲಿ ಜುನ್‌ಹುಯಿ ಮತ್ತು ಲಿಯು ಯುಚೆನ್ ಆರಡಿ ನಾಲ್ಕಿಂಚಿನ ಆಸುಪಾಸಿನವರು, ಅಂಥವರ ಎದುರು ನಿಂತು ಬರೀ ಹೊಡೆದಾಡಿ ಗೆಲ್ಲಲು ಆಗುವುದಿಲ್ಲ.

2019ರ ಏಪ್ರಿಲ್‌ನಲ್ಲಿ ಚೀನಾದ ವುಹಾನ್‌ನಲ್ಲಿ ಏಷ್ಯನ್ ಚಾಂಪಿಯನ್‌ಶಿಪ್ ಫೈನಲ್. ಎದುರಿಗೆ ಗಿಡಿಯನ್ ಮತ್ತು ಸುಕಮುಲ್ಜೊ. ಇವರನ್ನು ಜನ ಮಿನಿಯನ್ಸ್ ಅಂತ ಕರೆಯುತ್ತಿದ್ದರು, ಕುಳ್ಳಗೆ, ಮಿಂಚಿನ ಹಾಗೆ ಆಡುವವರು, ಆಗ ಅವರನ್ನು ಸೋಲಿಸುವುದೇ ಸುದ್ದಿ. ಸ್ಕೋರು 21-18, 21-3. ಹೌದು, ಮೂರೇ ಪಾಯಿಂಟು. ವೇಗವಾಗಿ ಮುಗಿಸಬೇಕು ಅನ್ನುವ ಜೋಡಿಗೆ, ರ‍್ಯಾಲಿ ಮುಗಿಯಲು ಬಿಡದ ಜೋಡಿ ಎದುರಾದರೆ ಏನಾಗುತ್ತದೆ ಅನ್ನುವುದು ಅಲ್ಲಿ ಕಂಡಿತು. ಅದೇ ವರ್ಷದ ಕೊನೆಗೆ ವರ್ಲ್ಡ್ ಟೂರ್ ಫೈನಲ್ಸ್‌ನಲ್ಲಿ ಅಹ್ಸಾನ್ ಮತ್ತು ಸೆತಿಯವಾನ್ ಎದುರು ಸೋತರು, 22-24, 19-21. 2014ರಲ್ಲಿ ಆಲ್ ಇಂಗ್ಲೆಂಡ್ ಕಪ್ ಕಿತ್ತುಕೊಂಡಿದ್ದ ಅದೇ ಜೋಡಿ. ಮೂರು ತಿಂಗಳಿಗೆ 2020ರ ಬರ್ಮಿಂಗ್‌ಹ್ಯಾಮ್ ಬಂತು. ಅದರ ಮರುದಿನದಿಂದಲೇ ಕೊರೊನಾ ಕಾರಣಕ್ಕೆ ಟೂರ್ನಿಗಳೆಲ್ಲ ನಿಂತವು.

2021ರ ಮಾರ್ಚ್‌ನಲ್ಲಿ ಪ್ರೇಕ್ಷಕರಿಲ್ಲದ ಹಾಲ್‌ನಲ್ಲಿ ಮತ್ತೆ ಆಲ್ ಇಂಗ್ಲೆಂಡ್. ಈ ಸಲ ಫೈನಲ್ ಜಪಾನಿನವರ ನಡುವೆಯೇ, ಟೊನಾಮಿ ಟೀಮಿನ ತಕೆಶಿ ಕಮುರಾ ಮತ್ತು ಕೈಗೊ ಸೊನೊಡಾ ಮೇಲೆ. 21-15, 17-21, 21-11ಕ್ಕೆ ಎಂಡೊ ಮತ್ತು ವತನಬೆ ಗೆದ್ದರು. ವತನಬೆ ಅದೇ ದಿನ ಮಿಕ್ಸೆಡ್ ಕಪ್ಪನ್ನೂ ಗೆದ್ದರು. ಆ ವರ್ಷ ಇಂಡೊನೇಷ್ಯಾದವರು ಬಂದ ವಿಮಾನದಲ್ಲಿ ಒಬ್ಬರಿಗೆ ಸೋಂಕು ಕಂಡಿದ್ದರಿಂದ ಇಡೀ ತಂಡ ಹೊರಗೆ ಉಳಿಯಬೇಕಾಯಿತು, ಚೀನಾದವರೂ ಬಂದಿರಲಿಲ್ಲ. ಅದಕ್ಕೇ ನಾನು ಎರಡರಲ್ಲಿ 2020ರ ಗೆಲುವನ್ನು ಮೇಲಿಡುತ್ತೇನೆ. ಅಲ್ಲಿ ನಂಬರ್ ಒನ್ ಜೋಡಿ ಎದುರಿಗೇ ಇತ್ತು.

ಉಳಿದಿದ್ದು ಸ್ವಂತ ದೇಶದ ಒಲಿಂಪಿಕ್ಸ್. ಒಂದು ವರ್ಷ ಮುಂದಕ್ಕೆ ಹೋಗಿ 2021ರ ಜುಲೈನಲ್ಲಿ ನಡೆಯಿತು, ಅದೂ ಖಾಲಿ ಗ್ಯಾಲರಿ ಮುಂದೆ. ಕ್ವಾರ್ಟರ್‌ಫೈನಲ್‌ನಲ್ಲಿ ತೈವಾನಿನ ಲೀ ಯಾಂಗ್ ಮತ್ತು ವಾಂಗ್ ಚಿ-ಲಿನ್ 21-16, 21-19ಕ್ಕೆ ಗೆದ್ದರು. ಇವರು ಎತ್ತಿದ್ದಕ್ಕೆಲ್ಲ ಆ ಜೋಡಿ ಬಾರಿಸಿತು, ಬಚಾವಿನ ಗೋಡೆ ಬಿತ್ತು. ಕೊನೆಗೆ ಚಿನ್ನವೂ ಅವರದ್ದೇ, ಮೂರು ವರ್ಷದ ಮೇಲೆ ಪ್ಯಾರಿಸ್‌ನಲ್ಲೂ ಅವರೇ ಗೆದ್ದರು ಅಂದರೆ ಎಂಥ ಜೋಡಿಗೆ ಸೋತರು ಅನ್ನುವುದು ತಿಳಿಯುತ್ತದೆ. ವತನಬೆಗೆ ಅದೇ ವಾರ ಹಿಗಶಿನೊ ಜೊತೆ ಮಿಕ್ಸೆಡ್ ಕಂಚು ಸಿಕ್ಕಿತು, ಟೋಕಿಯೊದಲ್ಲಿ ಜಪಾನ್ ಬ್ಯಾಡ್ಮಿಂಟನ್‌ಗೆ ಬಂದ ಒಂದೇ ಒಂದು ಪದಕ ಅದು. ಎಂಡೊಗೆ ಒಲಿಂಪಿಕ್ಸ್ ಪದಕ ಸಿಗಲೇ ಇಲ್ಲ. ಆಮೇಲೆ ಅವರು ರಾಷ್ಟ್ರೀಯ ತಂಡದಿಂದ ದೂರ ಸರಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸ್ಪೇನಿನಲ್ಲಿ ತಕುರೊ ಹೊಕಿ ಮತ್ತು ಯುಗೊ ಕೊಬಯಾಶಿ ಪುರುಷರ ಡಬಲ್ಸ್‌ನಲ್ಲಿ ಜಪಾನಿಗೆ ಮೊದಲ ವಿಶ್ವ ಚಾಂಪಿಯನ್ ಪಟ್ಟ ತಂದರು.

2020ರ ಫೈನಲ್ ನೋಡುವುದಾದರೆ ಮೂರನೇ ಗೇಮ್ ನೋಡಿ. ಮೊದಲ ಸಲ ಕಾಕಿನ ಹಿಂದೆಯೇ ಕಣ್ಣು ಓಡುತ್ತದೆ, ಓಡಲಿ. ಎರಡನೇ ಸಲ ಕಾಕು ಬಿಟ್ಟು ಎಂಡೊ ಪಾದ ಮಾತ್ರ ನೋಡಿ. ಸುಕಮುಲ್ಜೊ ಹೊಡೆಯಲು ಕೈ ಎತ್ತುತ್ತಿದ್ದ ಹಾಗೇ, ಇನ್ನೂ ಹೊಡೆದೇ ಇಲ್ಲ, ಆಗಲೇ ಆ ಪಾದ ಅರ್ಧ ಹೆಜ್ಜೆ ಸರಿದಿರುತ್ತದೆ.